ಗೊಂಡೆ ಕಟ್ಟಿದ ಗಿಡುಗ

ದೆರಾಮಾನ್‌ನಂಥ ಜಂಬಗಾರ ಕೆಲಂತಾನ್ ಸೀಮೆಯಲ್ಲೇ ಇನ್ನೊಬ್ಬನಿರಲಿಲ್ಲ. ಗಾಳಿಪಟ ಕಟ್ಟುವುದು ಅವನ ಕಸುಬು. ಪಟದ ಮೇಲೆ ಬಿಡಿಸಿದ ಹೂವಿನ ಒಂದು ಎಸಳು ಓರೆಯಾದರೂ ಅದನ್ನು ಕಾಲಡಿ ಹಾಕಿ ಮುರಿಯುತ್ತಿದ್ದ; ಸೊಟ್ಟಗಿನ ಕೆಲಸ ತನ್ನದೆಂದು ಯಾರೂ ಹೇಳಕೂಡದು. ಅವನೊಡನೆ ಬಾಳಿ ಸವೆದ ಜೆನಾಬಳಿಗೆ ಇದು ಚೆನ್ನಾಗಿ ಗೊತ್ತಿತ್ತು.

ಅವಳು ಸಂತೆ ಕಟ್ಟಡದಲ್ಲಿ ಶಂಖಪುಷ್ಪದ ಬಣ್ಣ ಹಾಕಿ ನೀಲಿ ಅನ್ನ ಬೇಯಿಸಿ ಮಾರುತ್ತಿದ್ದಳು. ತಲೆಯ ಮೇಲಿನ ತೊಲೆಗಳಲ್ಲಿ ಪಾರಿವಾಳಗಳ ಸಂಸಾರ. ಗುರುವಾರದ ತಪಾಸಣೆಯಲ್ಲಿ ಹಿಕ್ಕೆ ಕಂಡರೆ ಅಂಗಡಿ ಮುಚ್ಚಿಸುವುದಾಗಿ ಆರೋಗ್ಯಾಧಿಕಾರಿ ಹೇಳಿಹೋಗಿದ್ದಳು.

"ಪೇಟೇಲಿ ಪಾರಿವಾಳ ಹೆದರಿಸೋ ಪ್ಲಾಸ್ಟಿಕ್ ಗಿಡುಗ ಸಿಗುತ್ತಂತೆ, ತಂದು ಕಟ್ರೀ."

"ನನ್ನ ಹೆಂಡತಿ ಅಂಗಡಿಗೆ ಪ್ಲಾಸ್ಟಿಕ್ಕಾ? ನಾನೇನು ಸತ್ತಿದೀನಾ?"

ಬಿದಿರು, ಕಾಗದ ತಂದು ತಾನೇ ಗಿಡುಗ ಕಟ್ಟಿದ. ರೆಕ್ಕೆ ತುಂಬ ಕೆಂಪು ಹೂ, ಹೊಂಬಣ್ಣದ ಬಳ್ಳಿ, ಬಾಲಕ್ಕೆ ಗೊಂಡೆ. ತೊಲೆಗೆ ಬಿಗಿದಾಗ ಸಂತೆಯೇ ನಿಂತು ನೋಡಿತು. ಪಾರಿವಾಳಗಳೂ ನೋಡಿದವು. ಮಧ್ಯಾಹ್ನದ ಹೊತ್ತಿಗೆ ಎರಡು ಅದರ ಬೆನ್ನೇರಿ ಕುಳಿತಿದ್ದವು.

ಪಕ್ಕದಲ್ಲಿ ಒಣಮೀನು ಮಾರುವ ಎಸಾಗೆ ನಗು ತಡೆಯಲಾಗಲಿಲ್ಲ. "ಅಕ್ಕಾ, ಇದು ಗಿಡುಗ ಅಲ್ಲ, ಮದುಮಗ! ಹೆಣ್ಣು ಕೊಡೋಕೆ ಬಂದವೆ ನೋಡು."

"ಸುಮ್ನಿರೇ, ಅವರಿಗೆ ಕೇಳಿಸುತ್ತೆ."

"ಕೇಳಿಸ್ಲಿ. ಭಾವನ್ನೂ ಗೊಂಡೆ ಕಟ್ಟಿ ಮೇಲೆ ಕೂರಿಸು, ಕಾಗೆಗಳೂ ಬರ್ತವೆ."

"ಹೂವು ನೋಡೋ ಕಣ್ಣೇ ಬೇರೆ, ಮೀನು ನೋಡೋ ಕಣ್ಣೇ ಬೇರೆ" ಎಂದು ದೆರಾಮಾನ್ ಮುಖ ತಿರುಗಿಸಿದ.

"ಆ ಹೂವನ್ನಾದ್ರೂ ಅಳಿಸ್ರೀ. ಅಂಗಡಿ ಹೋದ್ರೆ ಏನು ತಿನ್ನೋದು?" ಜೆನಾಬ್ ಅಂಗಲಾಚಿದಳು.

"ಅಳಿಸೋದಕ್ಕಿಂತ ಕೈ ಕತ್ತರಿಸ್ಕೋತೀನಿ."

ಬುಧವಾರ ಸಂಜೆ ಜೆನಾಬ್ ಹಿಕ್ಕೆಯನ್ನೆಲ್ಲ ತೊಳೆದು, ಪಾತ್ರೆಗಳನ್ನು ಕವುಚಿ ಮನೆಗೆ ಹೋದಳು. ಇನ್ನು ಅವುಗಳಿಗೆ ಕೆಲಸವಿರುವುದೋ ಇಲ್ಲವೋ.

ಗುರುವಾರ ಬೆಳಿಗ್ಗೆ ಬಂದು ನೋಡಿದರೆ ಅನ್ನದ ಹಂಡೆಯ ತಳ ಬೆಳ್ಳಗೆ ಹೊಳೆಯುತ್ತಿತ್ತು. ಅಷ್ಟು ವರ್ಷದ ಮಸಿಯನ್ನು ಯಾರೋ ಕೆರೆದಿದ್ದರು. ತಲೆಯೆತ್ತಿದಳು. ಗಿಡುಗ ಕರ್ರಗಾಗಿತ್ತು. ಹೂವಿಲ್ಲ, ಬಳ್ಳಿಯಿಲ್ಲ, ಗೊಂಡೆಯಿಲ್ಲ. ಉದ್ದ ದಾರದಲ್ಲಿ ನೇತು, ಗಾಳಿ ಬೀಸಿದಾಗಲೆಲ್ಲ ಗಿರ್ರನೆ ಸುತ್ತಿ ಎರಗುತ್ತಿತ್ತು. ತೊಲೆಗಳು ಖಾಲಿ.

ಅಧಿಕಾರಿ ಬಂದವಳು ನೆಲ ನೋಡಿದಳು, ತೊಲೆ ನೋಡಿದಳು, ಸರಿ ಎಂದಳು. ಆಮೇಲೆ ನಕ್ಕಳು. "ಇದೇನಮ್ಮಾ, ಸುಟ್ಟ ಕೋಳಿನಾ? ಯಾವ ಪುಣ್ಯಾತ್ಮ ಮಾಡಿದ್ದು?"

ಗಂಡನ ಮಾನ ಕಾಯಲು ಜೆನಾಬ್ ಅವಸರದಿಂದ, "ಪೇಟೇದು ಮೇಡಂ, ಅಗ್ಗಕ್ಕೆ ಸಿಕ್ತು" ಎಂದಳು.

ಒಲೆಯ ಹಿಂದಿನಿಂದ ದೆರಾಮಾನ್ ಎದ್ದುಬಂದ. ಮೊಣಕೈವರೆಗೂ ಮಸಿ.

"ಪೇಟೇದಲ್ಲ" ಎಂದ. "ನಾನು ಮಾಡಿದ್ದು."