ಸದ್ದಡಗಿಸುವ ನಳಿಗೆ ಗಡಿ ದಾಟಲಿಲ್ಲ

ಆ ದಿನದ ಬಗ್ಗೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ತೊಂಬತ್ತರ ದಶಕದ ನಡುವೆ, ಅರಿಜೋನಾದ ಯೂಮಾದಲ್ಲಿ ಒಂದು ಮೋಟೆಲಿನ ಹಿಂದೆ ನಿಂತು, ಕೋವಿಗೆ ಬೀಗ ಹಾಕುವುದನ್ನು ನೋಡುತ್ತಿದ್ದೆ, ಅಷ್ಟು ನಿಜ. ಕೊಡಗಿನವನಾದ ನನಗೆ ಅದು ವಿಚಿತ್ರವೆನಿಸಿತು. ಕೈಲ್‌ಪೊಳ್ದು ಹಬ್ಬದಂದು ನಾವು ಕೋವಿಗೆ ಹೂ ಮುಡಿಸುತ್ತೇವೆ. ಇಲ್ಲಿ ತೋಟಾ ತೆಗೆದು ಬೇರೆಯಿಟ್ಟು, ಕೋವಿಯನ್ನು ಪೆಟ್ಟಿಗೆಗೆ ಸೇರಿಸಿ, ಕಾರಿನ ಡಿಕ್ಕಿಯಲ್ಲಿ ಮರೆಮಾಡುತ್ತಾರೆ.

ಸ್ಯಾನ್ ಡಿಯಾಗೋದಲ್ಲಿ ನನಗೆ ಮಗಳು ಹುಟ್ಟಿದ್ದಳು. ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸಿ ಊರಿಗೆಲ್ಲ ತಿಳಿಸುವ ಪದ್ಧತಿ. ಬಾಣಂತನಕ್ಕೆಂದು ಲಾಸ್ ಏಂಜಲೀಸಿನಿಂದ ಬಂದಿದ್ದ ಹೆಂಡತಿಯ ಚಿಕ್ಕಮ್ಮ ನಕ್ಕಿದ್ದರು: "ಹೆಣ್ಣಿಗೆ ಯಾರಪ್ಪ ಗುಂಡು ಹೊಡೀತಾರೆ?"

"ನಾನು ಹೊಡೀತೀನಿ ಚಿಕ್ಕಮ್ಮ. ನಿಮಗೂ ಕೇಳಿಸ್ತೀನಿ."

ನನ್ನಲ್ಲಿ ಕೋವಿಯಿರಲಿಲ್ಲ. ಯೂಮಾದ ಆ ಮೋಟೆಲ್ ನಡೆಸುತ್ತಿದ್ದ ಉಡುಪಿಯ ಶೆಟ್ಟರು ಜಿಂಕೆ ಬೇಟೆಯವರು. ತಮ್ಮ ರೈಫಲ್ ತಂದು, ಸ್ಯಾನ್ ಡಿಯಾಗೋದ ಆಚೆ ಬೆಟ್ಟಗಳಲ್ಲಿದ್ದ, ಗುಂಡು ಹೊಡೆದು ಕಲಿಯುವ ಗುರಿಮೈದಾನದಲ್ಲಿ ನನ್ನ ಕೈಗೆ ಕೊಡಲು ಒಪ್ಪಿದ್ದರು. ಆದರೆ ಅದರ ಮೂತಿಗೆ ದಪ್ಪ ನಳಿಗೆಯೊಂದನ್ನು ತಿರುಗಿಸಿ ಕೂರಿಸಿದ್ದರು: ಸೈಲೆನ್ಸರ್. ಸರ್ಕಾರದಲ್ಲಿ ಅವರ ಹೆಸರಿಗೆ ನೋಂದಣಿಯಾಗಿತ್ತು, ಅರಿಜೋನಾದಲ್ಲಿ ತಕರಾರಿಲ್ಲ.

"ಕ್ಯಾಲಿಫೋರ್ನಿಯಾದಲ್ಲಿ ಇದು ನಡೆಯಲ್ಲ ಅಂತಾರೆ, ಶೆಟ್ರೇ."

"ಎಂತ ಮಾರಾಯ, ಬಿಚ್ಚಿ ಬ್ಯಾಗಿಗೆ ಹಾಕುವ. ಯಾರು ನೋಡ್ತಾರೆ? ಮಗು ಹುಟ್ಟಿದ್ದಕ್ಕೆ ಪೊಲೀಸರನ್ನೂ ಎಬ್ಬಿಸಬೇಕಾ?"

"ಎಬ್ಬಿಸಬೇಕು! ಸದ್ದೇ ಬರದಿದ್ದರೆ ಹುಟ್ಟಿದ್ದು ಯಾರಿಗೆ ಗೊತ್ತಾಗುತ್ತೆ? ನನ್ನ ಗ್ರೀನ್ ಕಾರ್ಡ್ ಕಳ್ಕೊಳ್ಳೋದಿದ್ರೆ ಸದ್ದು ಮಾಡಿ ಕಳ್ಕೋತೀನಿ, ಸದ್ದಡಗಿಸಿ ಅಲ್ಲ."

ಶೆಟ್ಟರು ಗೊಣಗುತ್ತ ನಳಿಗೆ ಬಿಚ್ಚಿ, ಒಳಗೆ ಹೋಗಿ ತಮ್ಮ ತಿಜೋರಿಯಲ್ಲಿಟ್ಟು ಬಂದರು. ರಾಜ್ಯದ ಗಡಿಯಲ್ಲಿ ಬೆಳೆಗೆ ಕೀಟ ತಗಲದಂತೆ ತಪಾಸಣೆ ಮಾಡುವವರು ನಮ್ಮನ್ನು ನಿಲ್ಲಿಸಿ, ಹಣ್ಣು ಇದೆಯೇ ಎಂದಷ್ಟೇ ಕೇಳಿದರೆಂದು ನೆನಪು. ಅದು ಬೇರೆ ಪ್ರಯಾಣದ್ದೂ ಇರಬಹುದು.

ಮರುದಿನ ಗುರಿಮೈದಾನಕ್ಕೆ ಚಿಕ್ಕಮ್ಮನೂ ಹಟ ಹಿಡಿದು ಬಂದರು. ನಾನು ಒಂದೇ ಒಂದು ಗುಂಡು ಹಾರಿಸಿದೆ. ಎರಡು ಹಾರಿಸಿದರೆ ನಮ್ಮಲ್ಲಿ ಅದು ಸಾವಿನ ಸುದ್ದಿ. ಬೆಟ್ಟ ಸದ್ದನ್ನು ಮರಳಿಸಿತು. "ಅಯ್ಯಪ್ಪಾ, ಕಿವಿ ಹೋಯ್ತು!" ಎಂದು ಚಿಕ್ಕಮ್ಮ ಕೂಗಿದರು. ನಕ್ಕರೇ? ನಕ್ಕರೆಂದೇ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಆ ಗುಂಡಿನ ಅರ್ಥ ತಿಳಿದ ಊರಿಗೆ ಅದು ಕೇಳಿಸಲಿಲ್ಲ. ಕೇಳಿಸಿದ ಊರಿಗೆ ಅದರ ಅರ್ಥ ತಿಳಿಯಲಿಲ್ಲ. ನನ್ನ ಮಗಳು ಈ ಎರಡರ ನಡುವೆ ಬೆಳೆದಳು.

ಒಂದನ್ನು ಮಾತ್ರ ಆಮೇಲೆ ವಕೀಲರೊಬ್ಬರಲ್ಲಿ ಕೇಳಿ ಖಚಿತಪಡಿಸಿಕೊಂಡೆ. ಆ ನಳಿಗೆಯನ್ನು ಬಿಚ್ಚಿ ಬ್ಯಾಗಿನಲ್ಲಿಟ್ಟು ತಂದಿದ್ದರೂ ಕ್ಯಾಲಿಫೋರ್ನಿಯಾದಲ್ಲಿ ಅಪರಾಧವಾಗುತ್ತಿತ್ತು. ಗುಂಡಿನ ಸದ್ದಿಗೆ ಮಾತ್ರ ಅಲ್ಲಿ ಯಾವ ಅಡ್ಡಿಯೂ ಇರಲಿಲ್ಲ.