ನನ್ನ ಅತ್ತಿಗೆಯ ಸವತಿ

ನನ್ನ ಅತ್ತಿಗೆ ಫಿಲಿಬೆರ್ತ್‌ಗೆ ಒಬ್ಬಳು ಸವತಿಯಿದ್ದಳು. ಐನೂರು ವರ್ಷದ ಮುದುಕಿ. ನಮ್ಮೂರ ಹಳೇ ಆಸ್ಪತ್ರೆಯ ಹೆಂಚಿನ ಮಾಡು! ನಗಬೇಡಿ. ಆ ಆಸ್ಪತ್ರೆಯ ಅಡುಗೆಮನೆಯಲ್ಲಿ ಸೂಪು ಕದಡುತ್ತಲೇ ತಲೆ ನರೆಸಿಕೊಂಡವಳು ನಾನು. ಈ ಸವತಿ ಜಗಳವನ್ನು ಕಣ್ಣಾರೆ ಕಂಡಿದ್ದೇನೆ.

ನನ್ನ ಅಣ್ಣ ಆಂತೆಲ್ಮ್ ಆ ಮಾಡಿನ ಮೇಸ್ತ್ರಿ. ಐನೂರು ವರ್ಷದ ಹಿಂದೆ, ಯುದ್ಧ ಮುಗಿದು ಜನ ಹಸಿವಿನಿಂದ ಬೀದಿಯಲ್ಲಿ ಸಾಯುತ್ತಿದ್ದ ಕಾಲದಲ್ಲಿ, ದೊರೆಯ ಮಂತ್ರಿಯೊಬ್ಬ ಪುಣ್ಯಕ್ಕೆಂದು ಕಟ್ಟಿಸಿದ ಆಸ್ಪತ್ರೆಯಂತೆ. ಉದ್ದನೆಯ ಹಜಾರ, ಎರಡೂ ಬದಿಗೆ ಕೆಂಪು ಪರದೆಯ ಮಂಚಗಳು, ತುದಿಯಲ್ಲಿ ಪೂಜೆಯ ಪೀಠ. ಬಡವ ಮಲಗಿದಲ್ಲಿಂದಲೇ ಕೈ ಮುಗಿಯಬೇಕು. ತಲೆಯ ಮೇಲೆ ಮಗುಚಿಟ್ಟ ದೋಣಿಯಂಥ ಮರದ ಚಾವಣಿ, ತೊಲೆಗಳ ತುದಿಗೆ ಬಾಯಿ ತೆರೆದ ಘಟಸರ್ಪಗಳು. ನೆಲದಡಿ ತೊರೆ ಹರಿಯುತ್ತದೆ. ಆಸ್ಪತ್ರೆಯ ಕೊಳೆಯೆಲ್ಲ ಅದಕ್ಕೇ. ಆದರೆ ಹುಚ್ಚು ಹಿಡಿಸುವುದು ಆ ಮಾಡು. ಬೀದಿಯ ಕಡೆ ಬರೀ ಬೂದುಗಲ್ಲಿನ ಹೊದಿಕೆ. ಅಂಗಳಕ್ಕೆ ಕಾಲಿಟ್ಟರೆ ಕೆಂಪು, ಹಳದಿ, ಹಸಿರು, ಕಂದು ಹೆಂಚುಗಳ ಚಿತ್ತಾರ, ಮಳೆ ಬಿದ್ದರಂತೂ ಮಿರಮಿರ ಮಿಂಚುತ್ತದೆ.

"ಎಂಥ ವಯ್ಯಾರಿ ನೋಡೇ ಸಿದೋನಿ! ಬೀದಿಯವರ ಮುಂದೆ ಕಂಬಳಿ ಹೊದ್ದು ಕೂರ್ತಾಳೆ, ನಿಮ್ಮಣ್ಣ ಒಳಗೆ ಕಾಲಿಟ್ರೆ ಮಾತ್ರ ರೇಷ್ಮೆ!" ಎಂದು ಅತ್ತಿಗೆ ಹಲ್ಲು ಕಡಿಯುತ್ತಿದ್ದಳು.

"ಅದು ಹೆಂಚು ಕಣೇ ಅತ್ತಿಗೆ."

"ಹೆಂಚಂತೆ ಹೆಂಚು! ನನ್ನ ಪಕ್ಕ ಮಲಗಿದ್ರೂ ಹನಿ ಬಿತ್ತಾ ಅಂತ ಕಿವಿ ಅಲ್ಲೇ ಇಟ್ಟಿರ್ತಾನೆ."

ಅವಳ ಹೊಟ್ಟೆಯುರಿಗೆ ಕಾರಣವಿತ್ತು. ಅವಳು ದ್ರಾಕ್ಷಿ ಬೆಳೆಗಾರರ ಮಗಳು, ಅಪ್ಪನ ಮುದ್ದಿನಲ್ಲಿ ಬೆಳೆದವಳು. ಮದುವೆಯ ದಿನ ಊಟದ ನಡುವೆ ಬಿರುಗಾಳಿ ಎದ್ದಿತು. ಮದುಮಗ ಬಾಯಿ ಒರೆಸಿಕೊಂಡು ಎದ್ದವನೇ ಆಸ್ಪತ್ರೆಯ ಹೆಂಚು ಸರಿಮಾಡಲು ಓಡಿದ! ಮುಸುಕು ಹಾಕಿಕೊಂಡ ಮದುಮಗಳು ಒಬ್ಬಳೇ ಕೂತಳು, ನೆಂಟರು ವೈನ್ ಮುಗಿಸಿ ಎದ್ದರು. ಅಂದಿನಿಂದ ಅವಳು ಆ ಅಂಗಳವನ್ನು ಮೆಟ್ಟಲಿಲ್ಲ. ಗಂಡನಿಗೆ ಬುತ್ತಿ ತಂದರೂ ಬೀದಿ ಬಾಗಿಲಲ್ಲೇ ನಿಂತು ನನ್ನ ಕೈಗೆ ಕೊಡುತ್ತಿದ್ದಳು. ಸವತಿಯ ಮುಖ ನೋಡುವುದಿಲ್ಲವೆಂಬ ಹಟ.

ಮಾಡಿನ ದೊಡ್ಡ ದುರಸ್ತಿ ಶುರುವಾದಾಗ ಅಣ್ಣ ಅವಳ ಕೈಹಿಡಿದು ಮಾತು ಕೊಟ್ಟಿದ್ದ. ಇದು ಮುಗಿದರೆ ಏಣಿ ಹತ್ತುವುದಕ್ಕೆ ಕೊನೆ, ಆಮೇಲೆ ಅವಳ ತವರಿನ ತೋಟದಲ್ಲಿ ಇಬ್ಬರೇ. ಪಾಪ, ಅವಳು ಅಲ್ಲಿಗೆ ಕಿಟಕಿಯ ಪರದೆ ಕೂಡ ಹೊಲಿದಿಟ್ಟಳು. ಕೆಲಸ ಮುಗಿಯುವ ವಾರ, ವೈನಿನಲ್ಲಿ ಬೇಯಿಸಿದ ಮೊಟ್ಟೆ ಮೆಲ್ಲುತ್ತಾ ಈ ಮಹಾರಾಯ ಹೇಳುತ್ತಾನೆ, "ಮಾಡನ್ನ ಇನ್ನೂ ಒಂದಷ್ಟು ವರ್ಷ ನೋಡ್ಕೋ ಅಂದ್ರು ಆಸ್ಪತ್ರೆಯವರು. ಹ್ಞೂಂ ಅಂದುಬಿಟ್ಟೆ."

ಅತ್ತಿಗೆ ಅವನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳು ಕೂಗಾಡಿದರೆ ನನಗೆ ಧೈರ್ಯ. ಸುಮ್ಮನಾದರೇ ಭಯ.

ಮಾಡು ಮುಗಿದ ದಿನ ಅದರ ನೆತ್ತಿಗೆ ಹೂಗೊಂಚಲು ಕಟ್ಟುವುದು ನಮ್ಮ ಹೆಂಚಿನವರ ಪದ್ಧತಿ. ಆ ಗೊಂಚಲನ್ನು ಹೆಣೆದುಕೊಡುವವಳು ಮೇಸ್ತ್ರಿಯ ಹೆಂಡತಿ. ಒಮ್ಮೆ ಅಂಗಳಕ್ಕೆ ಬಂದ ಹೂ ಹಿಂದಕ್ಕೆ ಹೋಗಕೂಡದು, ಹೋದರೆ ಮಾಡು ಸೋರುತ್ತದಂತೆ. ಅತ್ತಿಗೆ ಬಟ್ಟೆ ಮುಚ್ಚಿದ ಬುಟ್ಟಿಯನ್ನು ಬೀದಿ ಬಾಗಿಲಲ್ಲಿ ನನ್ನ ಕೈಗಿಟ್ಟಳು. ಪೆದ್ದಿ ನಾನು, ತೆಗೆದೂ ನೋಡದೆ ಒಳಗೆ ತಂದೆ.

ಬಟ್ಟೆ ಸರಿಸಿದರೆ ಸೇವಂತಿಗೆ! ನಮ್ಮಲ್ಲಿ ಸೇವಂತಿಗೆಯೆಂದರೆ ಸಮಾಧಿಯ ಹೂ. ಬದುಕಿದ್ದವರ ಮನೆಗೆ ಒಯ್ದರೆ ಪೊರಕೆ ತೆಗೆದುಕೊಳ್ಳುತ್ತಾರೆ.

ಮೇಲೆ ಹತ್ತಿ ಹೂ ಕಟ್ಟಲು ಸಜ್ಜಾಗಿದ್ದ ಅಣ್ಣನ ಕೆಲಸದ ಹುಡುಗ ಗಸ್ಪಾರ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಹಿಂದೆ ಸರಿದ. "ಮೇಸ್ತ್ರಿ, ಇದನ್ನ ಹಿಡ್ಕೊಂಡು ನಾನಂತೂ ಹತ್ತಲ್ಲಪ್ಪ. ನನಗೆ ಮದುವೆ ಗೊತ್ತಾಗಿದೆ."

ಅಣ್ಣ ಆ ಹೂಗಳನ್ನೇ ನೋಡಿದ. ಅವನ ಮುಖ ಸಣ್ಣದಾಯಿತು. "ಒಳಗೆ ಬಂದ ಹೂ ವಾಪಸ್ ಹೋಗಬಾರದು. ತಾ ಇಲ್ಲಿ," ಎಂದವನೇ, ವಯಸ್ಸಾಗಿ ನೋಯುತ್ತಿದ್ದ ಮಂಡಿಯಲ್ಲೇ ಏಣಿ ಹತ್ತಿದ.

ನಾನು ಬೀದಿಗೆ ಓಡಿದೆ. ಅತ್ತಿಗೆ ಕೈಕಟ್ಟಿ ನಿಂತಿದ್ದಳು. "ಆಯ್ತಾ ಅವಳ ತಿಥಿ?"

"ಅಯ್ಯೋ ನಿನ್ನ! ಅಣ್ಣನೇ ಹತ್ತಿದಾನೆ ಕಣೇ, ನಿನ್ನ ಹೂ ಹಿಡ್ಕೊಂಡು!"

ಅವಳ ಮುಖದ ರಕ್ತ ಇಳಿಯಿತು. ನನ್ನನ್ನು ತಳ್ಳಿಕೊಂಡು, ಮದುವೆಯಾದ ಮೇಲೆ ಮೊದಲ ಸಲ, ಅವಳು ಅಂಗಳಕ್ಕೆ ನುಗ್ಗಿದಳು.

ಇಬ್ಬನಿಗೆ ಹೆಂಚು ಒದ್ದೆಯಾಗಿತ್ತು. ನೆತ್ತಿಯ ಹತ್ತಿರ ಅಣ್ಣನ ಕಾಲು ಜಾರಿತು. ಒಂದು ಹಳದಿ ಹೆಂಚು ಉರುಳಿ ಬಂದು ನಮ್ಮೆದುರೇ ಚೂರಾಯಿತು. ಅತ್ತಿಗೆ ಅಂಗಳದ ಬಾವಿಯ ಪಕ್ಕ ಮಂಡಿಯೂರಿ ಕೈಯೆತ್ತಿದಳು. ಮಾತೆ ಮರಿಯಳಿಗಲ್ಲ. ಮಾಡಿಗೆ!

"ಬೀಳಿಸಬೇಡ್ವೇ ತಾಯಿ! ನೀನೇ ಇಟ್ಕೋ ಅವನನ್ನ. ಹಗಲೂ ನಿಂದೇ, ರಾತ್ರಿನೂ ನಿಂದೇ. ನಾನು ಚಕಾರ ಎತ್ತಲ್ಲ. ಜೀವಂತ ಇಟ್ಕೋ, ಅಷ್ಟೇ ಸಾಕು!"

ಅವನು ಹೇಗೋ ಸಾವರಿಸಿಕೊಂಡು ಹೂ ಕಟ್ಟಿ, ಒಂದೊಂದೇ ಮೆಟ್ಟಿಲು ತಡವಿಕೊಂಡು ಇಳಿದ. ಅತ್ತಿಗೆ ಓಡಿಹೋಗಿ ಅವನ ಕೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗಸ್ಪಾರ್, ಹೂ ಕಟ್ಟಿದ ಮೇಲೆ ಕುಡಿಯಲೆಂದು ತಂದಿಟ್ಟ ವೈನ್ ಪೀಪಾಯಿ ತೆರೆಯುವುದನ್ನೂ ಮರೆತು ನಿಂತಿದ್ದ.

"ಮೇಲಕ್ಕೂ ಕೇಳಿಸ್ತು. ಯಾರ ಹತ್ರ ಅಷ್ಟು ಜೋರಾಗಿ ಕೂಗಾಡ್ತಿದ್ದೆ?" ಎಂದ ಅಣ್ಣ.

ಅತ್ತಿಗೆ ಕೋಟು ಬಿಡಲಿಲ್ಲ.

"ನಿನ್ನ ಹಿರೀ ಹೆಂಡ್ತಿ ಹತ್ರ," ಅಂದಳು.