ದೀಪ ಹಚ್ಚಿದ ಮೇಲೆ ಉಪ್ಪು

ಆಗೆಲ್ಲ ಯಲಹಂಕದಲ್ಲಿ ಹೊತ್ತು ಮುಳುಗಿತೆಂದರೆ ನಮ್ಮಂಥವರಿಗೆ ಲಾಂದ್ರದ ಬೆಳಕೇ ಗತಿ. ಬಟ್ಟೆ ಸೋಪನ್ನೂ ನಾವು ಅಂಗಡಿಯಿಂದ ತರುತ್ತಿರಲಿಲ್ಲ. ಹೊಂಗೆ ಎಣ್ಣೆಗೆ ಕಾಸ್ಟಿಕ್ ಸೋಡದ ನೀರು ಹುಯ್ದು ಅಮ್ಮ ಹಿತ್ತಲಲ್ಲೇ ಕಾಯಿಸಿ, ಮಿಕ್ಕಿದ್ದನ್ನು ಮಾರುತ್ತಿದ್ದಳು. ಆ ಕಮಟು ವಾಸನೆ ನನ್ನ ಲಂಗಕ್ಕೂ ಹತ್ತಿ, ಕುಂಟೆಬಿಲ್ಲೆ ಆಡುವಾಗ ಗೆಳತಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಆ ಮಳೆಗಾಲ ಅಪ್ಪ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಬರೆದ ಇಂಜೆಕ್ಷನ್ ಹೊರಗಿನಿಂದ ತರಬೇಕಿತ್ತು. ಬೆಳಿಗ್ಗೆ ಸೋಪು ಮಾರಿದರೆ ಅದು ಸಿಕ್ಕೀತು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿದ್ದ ಎಣ್ಣೆಯೆಲ್ಲ ಬಾಣಲೆಗೆ ಬಿದ್ದಿತ್ತು.

ಎಣ್ಣೆ, ಸೋಡ ಕುದಿದು ಗಂಜಿಯಂತಾದಾಗ ಉಪ್ಪು ಹಾಕಿದರೆ ಅದು ಒಡೆಯಬೇಕು. ಉಪ್ಪು ನೀರನ್ನು ತನ್ನ ಕಡೆ ಹಿಡಿದುಕೊಂಡು ಸೋಪನ್ನು ಹೊರಗೆ ತಳ್ಳುತ್ತದೆ. ಸೋಪು ಮೇಲೆ ತೇಲಿ, ಸುಡುವ ಸೋಡದ ನೀರು ತಳಕ್ಕಿಳಿಯುತ್ತದೆ. ಅವತ್ತು ಮನೆಯ ಉಪ್ಪೆಲ್ಲ ಸುರಿದರೂ ಸಾಲಲಿಲ್ಲ, ಗಂಜಿ ಒಡೆಯಲಿಲ್ಲ. ಸೌದೆಯೂ ಮುಗಿಯುತ್ತ ಬಂದಿತ್ತು. ಬೆಂಕಿ ಆರಿದರೆ ಆ ಸೋಡದ ನೀರು ಸೋಪಿನೊಳಗೇ ಉಳಿಯುತ್ತದೆ. ಕೈಯ ಚರ್ಮ ಸುಲಿಯುವ ಸೋಪನ್ನು ಯಾರು ಕೊಳ್ಳುತ್ತಾರೆ?

ಅಮ್ಮ ನನ್ನನ್ನು ಉಪ್ಪಿಗೆ ಅಟ್ಟುವಷ್ಟರಲ್ಲಿ ಕತ್ತಲಾಗಿತ್ತು. ದೀಪ ಹಚ್ಚಿದ ಮೇಲೆ ಉಪ್ಪು ಕೊಟ್ಟರೆ ಅದರ ಜೊತೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆಂದು ಊರೇ ನಂಬಿದ್ದ ಕಾಲ. ಅಂಗಡಿಯವನು ತಲೆಯೆತ್ತದೆ ಇಲ್ಲವೆಂದ. ಎದುರು ಮನೆಯವರು ಬೆಳಿಗ್ಗೆ ಬಾ ಎಂದರು. ಅಳುತ್ತಲೇ ಪಕ್ಕದ ಮನೆಯ ಮುನಿಯಮ್ಮಜ್ಜಿಯ ಹತ್ತಿರ ಹೋದೆ. ಒಂದೇ ಎಮ್ಮೆಯ ಹಾಲು ಮಾರಿ ಬದುಕುತ್ತಿದ್ದ ಒಂಟಿ ಹೆಂಗಸು. ಅಪ್ಪನ ಇಂಜೆಕ್ಷನ್ನಿನ ವಿಷಯ ಕೇಳಿ ಎಮ್ಮೆಯ ಹುಲ್ಲಿನ ಹೊರೆ ಎತ್ತಿಕೊಂಡಳು.

"ನಾನು ಕೈಯಾರೆ ಕೊಡಾಕಿಲ್ಲ ಕಣವ್ವ," ಎಂದಳು. "ಉಪ್ಪಿನ ಮಡ್ಕೆ ಒಲೆ ಪಕ್ಕ ಐತೆ. ನಾನು ಎಮ್ಮೆ ತಾವ ಓಗಿರ್ತೀನಿ. ಯಾರ್ ತಕೊಂಡೋದ್ರೋ ನಂಗೊತ್ತಿಲ್ಲ."

ಮಡಕೆಯನ್ನೇ ಎತ್ತಿಕೊಂಡು ಓಡಿದೆ. ಅಮ್ಮ ಹಿಡಿಹಿಡಿಯಾಗಿ ಹಾಕಿ ತಿರುವಿದಳು. ಒಡೆದ ಹಾಲಿನಂತೆ ಸೋಪು ಗಂಟುಗಂಟಾಗಿ ಮೇಲೆ ಬಂತು. ಅಮ್ಮ ಅಲ್ಲೇ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಅಪ್ಪ ಆ ಸಲ ಬದುಕಿ ಬಂದರು. ಅವರು ಮನೆಗೆ ಬಂದ ವಾರವೇ ಮುನಿಯಮ್ಮಜ್ಜಿಯ ಎಮ್ಮೆ ಕಾಯಿಲೆ ಬಿದ್ದು ಸತ್ತಿತು. ಅಜ್ಜಿ ಉಪ್ಪಿನ ಮಾತೆತ್ತಲೇ ಇಲ್ಲ. ಅಮ್ಮನಿಗೆ ಮಾತ್ರ ಕೊನೆಯವರೆಗೂ ಅವಳ ಮುಖ ನೋಡಿ ಮಾತಾಡಲಾಗಲಿಲ್ಲ.

ಈಗ ನಮ್ಮ ಬೀದಿಯಲ್ಲಿ ಯಾವ ಹೊತ್ತಿಗೆ ಕೇಳಿದರೂ ಉಪ್ಪಿನ ಪ್ಯಾಕೆಟ್ ಸಿಗುತ್ತದೆ. ಕೊಡುವವರಿಗೆ ಭಯವಿಲ್ಲ, ಒಳ್ಳೆಯದೇ. ಆದರೆ ಇರುವುದೆಲ್ಲ ಹೋಗುತ್ತದೆಂದು ಮನಸಾರೆ ನಂಬಿಯೂ, ಪಕ್ಕದ ಮನೆಯವನು ಉಳಿಯಲಿ ಎಂದು ಬಾಗಿಲು ತೆರೆದಿಟ್ಟು ಹೋದವರನ್ನು ನಾನು ಮತ್ತೆ ಕಾಣಲಿಲ್ಲ.